ಕಾಸು ಕೊಟ್ಟವರ ಗುರುತು: ರ‍್ಯಾಪ್ ಹಾಡಿನ ಗುಣಮಟ್ಟವೂ ಮಾರುಕಟ್ಟೆಯೂ

2024ರ ಯುವ ದಸರಾ ಕಾರ್ಯಕ್ರಮವು ಊರೊಳಗಿನ ಮಹಾರಾಜ ಕಾಲೇಜು ಮೈದಾನದ ಬದಲು ಮೈಸೂರಿನ ಹೊರವಲಯದ ಉತ್ತನಹಳ್ಳಿಯಲ್ಲಿ ನಡೆಯಿತು. ಶ್ರೇಯಾ ಘೋಷಾಲ್, ಎ.ಆರ್. ರೆಹಮಾನ್, ಇಳಯರಾಜ ಅವರಿದ್ದ ಆ ವರ್ಷದ ಪಟ್ಟಿಯಲ್ಲಿ ಹಿಂದಿ ರ‍್ಯಾಪ್ ಗಾಯಕ ಬಾದ್‌ಷಾ ಅವರ ಹೆಸರೂ ಇತ್ತು. ಅದಾದ ವಾರದಲ್ಲಿ ಸರಸ್ವತಿಪುರಂನ ಒಂದು ಕಾಫಿ ಅಂಗಡಿಯ ಮುಂದೆ ಎರಡು ಮಾತುಗಳು ನನ್ನ ಕಿವಿಗೆ ಬಿದ್ದವು. ದಸರಾ ಎಂದರೆ ಅರಮನೆ ಮುಂದಿನ ಕಛೇರಿ ಎಂದುಕೊಂಡಿದ್ದ ಹಿರಿಯರೊಬ್ಬರು, ರ‍್ಯಾಪ್ ಎಂಬುದು ಸಂಗೀತವೇ ಅಲ್ಲ, ಬರೀ ದುಡ್ಡಿನ ದಂಧೆ ಎಂದರು. ಅವರ ಪಕ್ಕದಲ್ಲಿದ್ದ ಕಾಲೇಜು ಹುಡುಗ, ಬಾದ್‌ಷಾ ಹಾಡುವುದು ರ‍್ಯಾಪೇ ಅಲ್ಲ, ಅದು ಕಮರ್ಷಿಯಲ್ ಎಂದ. ಇಬ್ಬರೂ ದೂರುತ್ತಿದ್ದುದು ದುಡ್ಡನ್ನೇ. ಆದರೆ ಒಬ್ಬರ ಪಾಲಿಗೆ ರ‍್ಯಾಪ್ ಹುಟ್ಟಿನಿಂದಲೇ ಕೆಟ್ಟದ್ದು, ಇನ್ನೊಬ್ಬನ ಪಾಲಿಗೆ ಅದು ಮೊದಲು ಚೆನ್ನಾಗಿದ್ದು ಆಮೇಲೆ ಕೆಟ್ಟದ್ದು.

ಈ ಎರಡನೆಯ ನಂಬಿಕೆಯೇ ಹೆಚ್ಚು ಜನಪ್ರಿಯ. ಬಡವರ ಕೇರಿಯಲ್ಲಿ ಹುಟ್ಟಿದ ಶುದ್ಧ ಕಲೆಯೊಂದನ್ನು ಕಂಪನಿಗಳು ಬಂದು ಕೆಡಿಸಿದವು ಎಂಬ ಕಥೆ ಕೇಳಲು ಚೆನ್ನಾಗಿದೆ. ಆದರೆ ಅದರ ಮೊದಲ ಪುಟವೇ ತಪ್ಪು. ರ‍್ಯಾಪಿನ ತವರಾದ ಹಿಪ್ ಹಾಪ್ ಸಂಸ್ಕೃತಿ ಹುಟ್ಟಿದ್ದೆಂದು ಎಲ್ಲರೂ ಒಪ್ಪುವ ದಿನ 1973ರ ಆಗಸ್ಟ್ 11. ಸ್ಥಳ, ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ಸೆಡ್ಜ್‌ವಿಕ್ ಅವೆನ್ಯೂವಿನ 1520ನೇ ನಂಬರಿನ ವಸತಿ ಕಟ್ಟಡ. ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆ ಶುರುವಾಗುವ ಮುನ್ನ ಹೊಸ ಬಟ್ಟೆಗೆ ಹಣ ಹೊಂದಿಸಲು ಅಲ್ಲಿ ಒಂದು ಪಾರ್ಟಿ ಏರ್ಪಡಿಸಿದಳು, ಅವಳ ಅಣ್ಣ ಡಿಜೆ ಕೂಲ್ ಹರ್ಕ್ ಗ್ರಾಮಫೋನ್ ತಟ್ಟೆಗಳನ್ನು ನುಡಿಸಿದ. ಪ್ರವೇಶ ಶುಲ್ಕ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ಅಂದರೆ ತೊಟ್ಟಿಲಿನ ಪಕ್ಕದಲ್ಲೇ ಗಲ್ಲಾಪೆಟ್ಟಿಗೆ ಇತ್ತು. ಒಂದೇ ಹಾಡಿನ ಎರಡು ತಟ್ಟೆಗಳನ್ನು ಅಕ್ಕಪಕ್ಕ ಇಟ್ಟು, ಜನ ಹುಚ್ಚೆದ್ದು ಕುಣಿಯುವ ಡ್ರಮ್ಮಿನ ತುಣುಕನ್ನು ಮಾತ್ರ ಮತ್ತೆ ಮತ್ತೆ ತಿರುಗಿಸುತ್ತಾ ಹೋದದ್ದು ಹರ್ಕ್‌ನ ಹೊಸತನ. ಕಾಸು ಕೊಟ್ಟು ಬಂದವರು ಕುಣಿಯಲೆಂದೇ ಅವನು ಅದನ್ನು ಕಂಡುಕೊಂಡದ್ದು. ಕಲೆಯ ದೊಡ್ಡ ಆವಿಷ್ಕಾರವೂ ಗಿರಾಕಿಯ ಸಂತೋಷವೂ ಅಲ್ಲಿ ಒಂದೇ ಆಗಿದ್ದವು.

ಹಾಗಾಗಿ ರ‍್ಯಾಪಿನಲ್ಲಿ ದುಡ್ಡು ಇದೆಯೋ ಇಲ್ಲವೋ ಎಂದು ಕೇಳಿ ಪ್ರಯೋಜನವಿಲ್ಲ. ಯಾರು ಕಾಸು ಕೊಡುತ್ತಿದ್ದಾರೆ, ಯಾವ ಹೊತ್ತಿಗೆ ಕೊಡುತ್ತಿದ್ದಾರೆ ಎಂದು ಕೇಳಬೇಕು. ಕಾಸು ಕೊಟ್ಟವರ ಗುರುತು ಹಾಡಿನ ಮೈಮೇಲೆ ಉಳಿಯುತ್ತದೆ: ಅದರ ಉದ್ದದಲ್ಲಿ, ಪಲ್ಲವಿ ಎಲ್ಲಿ ಬರುತ್ತದೆ ಎಂಬುದರಲ್ಲಿ, ಯಾರ ಹೆಸರು ಬರುತ್ತದೆ, ಯಾವ ಮಾತು ಬರುವುದಿಲ್ಲ ಎಂಬುದರಲ್ಲಿ. ನಮ್ಮ ಕಂಸಾಳೆ ಮೇಳದವರನ್ನೇ ನೋಡಿ. ಹರಕೆ ಹೊತ್ತ ಮನೆಯವರು ಊಟ ಹಾಕಿ, ಕಾಣಿಕೆ ಕೊಟ್ಟು, ರಾತ್ರಿಯಿಡೀ ಮಾದಪ್ಪನ ಕಥೆ ಕೇಳಲು ಕೂರುತ್ತಾರೆ. ರಾತ್ರಿ ಪೂರ್ತಿ ಬೇಕೆಂದವರು ಕಾಸು ಕೊಟ್ಟದ್ದರಿಂದಲೇ ಆ ಕಾವ್ಯ ಸಾಲು ಸಾಲಾಗಿ ಬೆಳೆದು ಬೆಳಗಿನ ಜಾವಕ್ಕೆ ಮುಟ್ಟುತ್ತದೆ. ಇಂದು 30 ಸೆಕೆಂಡಿಗೆ ಲೆಕ್ಕ ಹಾಕುವ ಹಾಡಿನ ಆಪ್ ನಡೆಸುವವರು ಕಾಸು ಕೊಡುತ್ತಾರೆ, ಹಾಡು 30 ಸೆಕೆಂಡಿನ ಸುತ್ತ ಬೆಳೆಯುತ್ತದೆ.

ಮೊದಲ ಗಿರಾಕಿ ಪಾರ್ಟಿಗೆ ಬಂದವನಾದರೆ, ಎರಡನೆಯವನು ತಟ್ಟೆ ಕೊಂಡವನು. 1979ರಲ್ಲಿ ಸಿಲ್ವಿಯಾ ರಾಬಿನ್ಸನ್ ಎಂಬ ನಿರ್ಮಾಪಕಿ ನ್ಯೂಜೆರ್ಸಿಯಲ್ಲಿ ಮೂವರು ಹುಡುಗರನ್ನು ಸೇರಿಸಿ 'ಶುಗರ್‌ಹಿಲ್ ಗ್ಯಾಂಗ್' ಎಂದು ಹೆಸರಿಟ್ಟು 'ರ‍್ಯಾಪರ್ಸ್ ಡಿಲೈಟ್' ಹಾಡನ್ನು ಹೊರತಂದರು. ಅದು ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಹಾಟ್ 100 ಎಂಬ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 36ನೇ ಸ್ಥಾನಕ್ಕೆ ಏರಿತು. ಆ ಮೂವರಲ್ಲಿ ಒಬ್ಬ ಪಿಜ್ಜಾ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಅವನು ಹಾಡಿದ ಸಾಲುಗಳು ಬ್ರಾಂಕ್ಸಿನ ಗ್ರ್ಯಾಂಡ್‌ಮಾಸ್ಟರ್ ಕ್ಯಾಝ್ ಎಂಬ ಕವಿಯ ನೋಟ್‌ಬುಕ್ಕಿನವು. ಎಷ್ಟು ಅವಸರದ ನಕಲೆಂದರೆ, ಕ್ಯಾಝ್ ತನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿಕೊಂಡ ಜಾಗವೂ ಹಾಗೆಯೇ ಹಾಡಿನಲ್ಲಿ ಉಳಿದುಬಿಟ್ಟಿತು. ಬೀದಿಯ ಜಾಣ್ಮೆಯನ್ನು ತಟ್ಟೆಗೆ ಇಳಿಸಿದ ಮೊದಲ ಜನಪ್ರಿಯ ಹಾಡೇ ಇನ್ನೊಬ್ಬರ ಬರಹ ಕದ್ದದ್ದು. 'ಹಿಂದೆ ಎಲ್ಲ ಅಸಲಿ ಇತ್ತು' ಎನ್ನುವವರು ಈ ಒಂದು ಸಂಗತಿಯನ್ನು ನೆನಪಿಡಬೇಕು.

1986ರಲ್ಲಿ ರನ್ ಡಿಎಂಸಿ ತಂಡ ತಮ್ಮ ಅಡಿಡಾಸ್ ಬೂಟುಗಳ ಮೇಲೆ ಹಾಡು ಕಟ್ಟಿದಾಗ ಕಂಪನಿಗೆ ಅದರ ಅರಿವೇ ಇರಲಿಲ್ಲ. ಬೂಟಿಗೆ ಲೇಸು ಕಟ್ಟದೆ ಓಡಾಡುವವರೆಲ್ಲ ಜೈಲಿನಿಂದ ಬಂದ ಪುಂಡರೆಂಬ ಮಾತು ಆಗ ಚಾಲ್ತಿಯಲ್ಲಿತ್ತು, ಹಾಡು ಅದಕ್ಕೆ ಉತ್ತರವಾಗಿತ್ತು. ಆಮೇಲೆ ಕಂಪನಿಯ ಅಧಿಕಾರಿಯೊಬ್ಬರು ಸಭಾಂಗಣದಲ್ಲಿ ಸಾವಿರಾರು ಜನ ತಮ್ಮ ಬೂಟು ಎತ್ತಿ ಹಿಡಿದದ್ದನ್ನು ಕಣ್ಣಾರೆ ಕಂಡರು, ಸುಮಾರು 10 ಲಕ್ಷ ಡಾಲರಿನ ಒಪ್ಪಂದವಾಯಿತು. ಹಾಡು ಮೊದಲು, ಹಣ ಆಮೇಲೆ. ಇಂದು ಅದೇ ಕಂಪನಿ ಮೊದಲು ಒಪ್ಪಂದ ಕಳಿಸಿ, ಪಲ್ಲವಿಯಲ್ಲಿ ಬ್ರ್ಯಾಂಡಿನ ಹೆಸರು ಎರಡು ಸಲ ಬರಲಿ ಎಂದು ಷರತ್ತು ಹಾಕಿದರೆ ಬರುವ ಹಾಡೇ ಬೇರೆ. ಎರಡರಲ್ಲೂ ಹಣದ ಮೊತ್ತ ಒಂದೇ ಇರಬಹುದು. ಬರೆಯುವವನ ಕೈ ಪೆನ್ನಿನ ಮೇಲೆ ಬೀಳುವ ಮುಂಚೆ ಹಣ ಬಂತೋ ಆಮೇಲೆ ಬಂತೋ ಎಂಬುದರಲ್ಲೇ ವ್ಯತ್ಯಾಸವೆಲ್ಲ ಅಡಗಿದೆ.

1990ರ ದಶಕದ ಮೂರು ಘಟನೆಗಳು ಮಾರುಕಟ್ಟೆಯನ್ನು ಬುಡಮೇಲು ಮಾಡಿದವು. ಬಿಲ್‌ಬೋರ್ಡ್ 1991ರಲ್ಲಿ ಅಂಗಡಿಯವರ ಬಾಯಿಮಾತನ್ನು ನಂಬುವುದನ್ನು ಬಿಟ್ಟು, ಸೌಂಡ್‌ಸ್ಕ್ಯಾನ್ ಎಂಬ ವ್ಯವಸ್ಥೆಯ ಮೂಲಕ ನಿಜವಾದ ಮಾರಾಟವನ್ನು ಎಣಿಸತೊಡಗಿತು. ಎಣಿಕೆ ಸರಿಯಾದ ಕೂಡಲೇ ರ‍್ಯಾಪ್ ಎಷ್ಟು ಮಾರುತ್ತದೆ ಎಂಬುದು ಬಯಲಾಯಿತು, ದೊಡ್ಡ ಕಂಪನಿಗಳು ಧಾವಿಸಿದವು. ಅದೇ ವರ್ಷ ಬಿಜ್ ಮಾರ್ಕಿ ಎಂಬ ಗಾಯಕನ ವಿರುದ್ಧದ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ನ್ಯಾಯಾಲಯವು ಅನುಮತಿಯಿಲ್ಲದೆ ಹಳೆಯ ಹಾಡಿನ ತುಣುಕು ಬಳಸುವುದು ಕಳ್ಳತನವೇ ಎಂದು ತೀರ್ಪು ಕೊಟ್ಟಿತು. ಹತ್ತಾರು ಹಳೆಯ ತಟ್ಟೆಗಳಿಂದ ಚೂರು ಹೆಕ್ಕಿ ಕೌದಿಯಂತೆ ಹೊಲಿಯುವ ಸಂಗೀತ ಅಲ್ಲಿಂದ ಶ್ರೀಮಂತರ ಸೊತ್ತಾಯಿತು, ಏಕೆಂದರೆ ಪ್ರತಿ ಚೂರಿಗೂ ಬೆಲೆ ತೆರಬೇಕು. ಬಡ ನಿರ್ಮಾಪಕರು ಸಿಂಥಸೈಜರಿನ ಸರಳ ಸ್ವರಗಳಿಗೆ ಮರಳಿದರು. ಹಾಡಿನ ದನಿಯೇ ಬದಲಾಗಲು ಅಭಿರುಚಿಯಷ್ಟೇ ಕಾನೂನೂ ಕಾರಣ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಮೂರನೆಯದು ಅಮೆರಿಕದ 1996ರ ದೂರಸಂಪರ್ಕ ಕಾಯ್ದೆ. ಅದು ಒಬ್ಬ ಮಾಲೀಕ ಎಷ್ಟು ರೇಡಿಯೊ ಕೇಂದ್ರಗಳನ್ನು ಇಟ್ಟುಕೊಳ್ಳಬಹುದು ಎಂಬ ರಾಷ್ಟ್ರಮಟ್ಟದ ಮಿತಿಯನ್ನು ತೆಗೆದುಹಾಕಿದ ಮೇಲೆ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯ ಕೈಗೆ ಸುಮಾರು 1,200 ಕೇಂದ್ರಗಳು ಬಂದವು. ಊರೂರಿನ ರ‍್ಯಾಪಿಗೆ ಅದರದೇ ಆದ ಜಾಯಮಾನವಿತ್ತು. ಆಮೇಲೆ ಎಲ್ಲ ಊರಲ್ಲೂ ಒಂದೇ ಪಟ್ಟಿ ಕೇಳಿಸತೊಡಗಿತು.

ಹಾಗೆಂದು ಮಾರಾಟವಾದದ್ದೆಲ್ಲ ಕಳಪೆ ಎಂದು ತೀರ್ಮಾನಿಸಬೇಕಿಲ್ಲ. ಎಂಸಿ ಹ್ಯಾಮರ್‌ನ 1990ರ ಆಲ್ಬಮ್ ಒಂದು ಕೋಟಿ ಪ್ರತಿಗಳ ವಜ್ರದ ಮನ್ನಣೆ ಪಡೆದ ಮೊದಲ ರ‍್ಯಾಪ್ ಆಲ್ಬಮ್. ಅದನ್ನು ಇಂದು ಕೇಳುವವರು ಹೆಚ್ಚಾಗಿ ತಮಾಷೆಗಾಗಿ ಕೇಳುತ್ತಾರೆ. ನಾಸ್‌ನ 1994ರ 'ಇಲ್‌ಮ್ಯಾಟಿಕ್' ಆಲ್ಬಮ್ ಐದು ಲಕ್ಷ ಪ್ರತಿಗಳ ಚಿನ್ನದ ಮನ್ನಣೆಗೆ 1996ರ ತನಕ, ಹತ್ತು ಲಕ್ಷದ ಪ್ಲಾಟಿನಂ ಮನ್ನಣೆಗೆ 2001ರ ತನಕ ಕಾಯಬೇಕಾಯಿತು. ಆದರೆ ರ‍್ಯಾಪ್ ಬರೆಯಲು ಕಲಿಯುವವರು ಇಂದಿಗೂ ಮೊದಲು ತೆರೆಯುವ ಪುಸ್ತಕ ಅದೇ. ಇಷ್ಟಕ್ಕೇ ನಿಂತರೆ ನಿಧಾನಕ್ಕೆ ಮಾರಾಟವಾದದ್ದೇ ಒಳ್ಳೆಯದೆಂಬ ಸೂತ್ರ ಸಿಕ್ಕಂತಾಗುತ್ತದೆ, ಆದರೆ ಕೆಂಡ್ರಿಕ್ ಲಮಾರ್ ಆ ಸೂತ್ರವನ್ನು ಒಡೆದುಹಾಕುತ್ತಾನೆ. ಅವನ 'ಡ್ಯಾಮ್' ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಏರಿತು, 2018ರಲ್ಲಿ ಪುಲಿಟ್ಜರ್ ಸಂಗೀತ ಪ್ರಶಸ್ತಿಯನ್ನೂ ಪಡೆಯಿತು. ಶಾಸ್ತ್ರೀಯ ಮತ್ತು ಜಾಝ್ ಸಂಗೀತದ ಹೊರಗೆ ಆ ಪ್ರಶಸ್ತಿ ಹೋದದ್ದು ಅದೇ ಮೊದಲು.

ಈಗ ಗುಣಮಟ್ಟದ ಮಾತಿಗೆ ಬರೋಣ, ಏಕೆಂದರೆ ಅದನ್ನು ಅಳೆಯುವ ಗಜಕಡ್ಡಿ ಇಲ್ಲದೆ ಇಷ್ಟು ಹೊತ್ತಿನ ಮಾತೆಲ್ಲ ಗಾಳಿಯಲ್ಲಿ ತೇಲುತ್ತದೆ. ರ‍್ಯಾಪರುಗಳು ಒಂದು ಸಾಲನ್ನು 'ಬಾರ್' ಎನ್ನುತ್ತಾರೆ. ಒಂದು ಬಾರ್‌ನಲ್ಲಿ ನಾಲ್ಕು ಹೊಡೆತ, ಪ್ರತಿ ಹೊಡೆತದಲ್ಲಿ ನಾಲ್ಕು ಭಾಗ, ಒಟ್ಟು 16. ಹಳಗನ್ನಡ ಪಾಠದಲ್ಲಿ ನಿದ್ದೆ ಮಾಡದೆ ಕೂತವರಿಗೆ ಈ ಲೆಕ್ಕ ಹೊಸದಲ್ಲ. ಮಂದಾನಿಲ ರಗಳೆಯಲ್ಲಿ ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು 16 ಮಾತ್ರೆ. ಎರಡೆರಡು ಸಾಲಿಗೆ ಆದಿಪ್ರಾಸ, ಎಂದರೆ ಎರಡನೆಯ ಅಕ್ಷರದ ಪ್ರಾಸ, ಸಾಲುಗಳಿಗೆ ಇಷ್ಟೇ ಎಂಬ ಮಿತಿಯಿಲ್ಲ, ಉಸಿರು ಇರುವ ತನಕ ಹೋಗಬಹುದು. ಹರಿಹರ ಶಿವಶರಣರ ಕಥೆ ಹೇಳಲು ಬಳಸಿದ ಈ ಬಂಧ, ಬೀಟಿನ ಮೇಲೆ ಕೂರಲು ಹೇಳಿ ಮಾಡಿಸಿದಂತಿದೆ. (ಮನೆಯಲ್ಲಿ ರ‍್ಯಾಪ್ ಜೋರಾಗಿ ಹಾಕಿದರೆ ಅಮ್ಮಂದಿರು 'ಏನೋ ಅದು ರಗಳೆ' ಎಂದು ಬೈಯುವಾಗ ಅವರಿಗೇ ಗೊತ್ತಿಲ್ಲದೆ ಛಂದಸ್ಸಿನ ಹೆಸರನ್ನೇ ಹೇಳಿರುತ್ತಾರೆ.)

ಕನ್ನಡದಲ್ಲಿ ರ‍್ಯಾಪ್ ಬರೆಯುವವರಿಗೆ ಒಂದು ದೊಡ್ಡ ಆಮಿಷವಿದೆ. ನಮ್ಮ ವಾಕ್ಯದ ಕೊನೆಗೆ ಕ್ರಿಯಾಪದ ಬರುತ್ತದೆ, ಕ್ರಿಯಾಪದದ ಕೊನೆಗೆ ಪ್ರತ್ಯಯ ಬರುತ್ತದೆ. ಹಾಗಾಗಿ ಅಂತ್ಯಪ್ರಾಸ ಪುಕ್ಕಟೆ. 'ನಾನು ಬರ್ತೀನಿ, ಸ್ಟೇಜು ಹತ್ತೀನಿ, ಮೈಕು ಹಿಡೀತೀನಿ, ಬೆಂಕಿ ಹಚ್ತೀನಿ' ಎಂದು ಯಾರು ಬೇಕಾದರೂ ಅರ್ಧ ಗಂಟೆಯಲ್ಲಿ ಒಂದು ಪುಟ ಬರೆಯಬಹುದು. ಅಲ್ಲಿ ಪ್ರಾಸ ಹಾಕಿದ್ದು ಕವಿಯಲ್ಲ, ವ್ಯಾಕರಣ. ಇಂಗ್ಲಿಷಿನಲ್ಲಿ ಪ್ರಾಸ ಹುಡುಕುವುದು ಕಷ್ಟವಾದ್ದರಿಂದ ಅದು ಸಿಕ್ಕಾಗ ಕೇಳುವವನಿಗೆ ಸುಖ. ಕನ್ನಡದಲ್ಲಿ ಆ ಸುಖ ಸಿಗಬೇಕಾದರೆ ಪ್ರಾಸವನ್ನು ಪ್ರತ್ಯಯದಿಂದ ಬಿಡಿಸಿ ಧಾತುವಿಗೆ, ನಾಮಪದಕ್ಕೆ, ಸಾಲಿನ ಆರಂಭಕ್ಕೆ ತರಬೇಕು. ನಮ್ಮ ಹಳೆಯ ಕವಿಗಳು ಎರಡನೆಯ ಅಕ್ಷರದ ಪ್ರಾಸವನ್ನು ಅಷ್ಟು ಪಟ್ಟಾಗಿ ಹಿಡಿದದ್ದಕ್ಕೆ ಇದೂ ಒಂದು ಕಾರಣವಿದ್ದೀತು ಎಂಬುದು ನನ್ನ ಊಹೆ.

ಒಂದು ಉದಾಹರಣೆ ನೋಡಬಹುದು. ನನ್ನ ಅಕ್ಕನ ಮಗ ಮಂಡ್ಯದಲ್ಲಿ ಡಿಗ್ರಿ ಓದುತ್ತಾನೆ. ಬೀರುವಿನ ಬಾಗಿಲು ತೆರೆದು, ತೂಗುಹಾಕಿದ ಬಟ್ಟೆಗಳ ನಡುವೆ ಮೈಕು ಇಟ್ಟು ಹಾಡು ಧ್ವನಿಮುದ್ರಿಸುತ್ತಾನೆ. ಬಟ್ಟೆ ಪ್ರತಿಧ್ವನಿಯನ್ನು ಹೀರಿಕೊಳ್ಳುವುದರಿಂದ ಕಾಸಿಲ್ಲದವರ ಸ್ಟುಡಿಯೊ ಅದು. ಅವನ ಎರಡು ಸಾಲು ಹೀಗಿವೆ: 'ಕಬ್ಬಿನ ಬಾಕಿಗೆ ಕಾದನು ಅಪ್ಪ, ಹಬ್ಬದ ದಿನವೇ ಸಾರೂ ಸಪ್ಪೆ.' ಕೊನೆಯ ಅಕ್ಷರವನ್ನು ಎಳೆದು ಎರಡು ಮಾತ್ರೆಯೆಂದು ಎಣಿಸಿದರೆ ಎರಡು ಸಾಲಿಗೂ ಸರಿಯಾಗಿ ನಾಲ್ಕು ನಾಲ್ಕರ 16 ಮಾತ್ರೆ. ಕಬ್ಬು, ಹಬ್ಬಗಳಲ್ಲಿ ಆದಿಪ್ರಾಸ, ಅಪ್ಪ, ಸಪ್ಪೆಗಳಲ್ಲಿ ಕೊನೆಯ ಹೊಂದಾಣಿಕೆ, ಒಂದೂ ಪ್ರತ್ಯಯದ ಪ್ರಾಸವಲ್ಲ. ಅವನಿಗೆ ಮಂದಾನಿಲ ರಗಳೆಯ ಹೆಸರು ಗೊತ್ತಿಲ್ಲ. ಬೀಟು ಕಿವಿಯಲ್ಲಿತ್ತು, ಮಾತು ಮನೆಯದಾಗಿತ್ತು, ಅಷ್ಟು ಸಾಕಾಯಿತು. ಕಾರ್ಖಾನೆಯ ಬಾಕಿಗೆ ಕಾಯುವುದು ಏನೆಂದು ಮಂಡ್ಯದಲ್ಲಿ ಯಾರಿಗೂ ಟಿಪ್ಪಣಿ ಬರೆದು ಹೇಳಬೇಕಾಗಿಲ್ಲ.

ಗುಣಮಟ್ಟದ ಇನ್ನೊಂದು ಪರೀಕ್ಷೆ ಹ್ರಸ್ವ ದೀರ್ಘಗಳದ್ದು. ಇಂಗ್ಲಿಷ್ ರ‍್ಯಾಪಿನಲ್ಲಿ ಒತ್ತು ಬಿದ್ದ ಕಡೆ ಸ್ವರ ಎಳೆಯುತ್ತದೆ. ಅದೇ ಚಾಳಿಯಲ್ಲಿ ಕನ್ನಡ ಹಾಡಿದರೆ 'ಬಡವ' ಹೋಗಿ 'ಬಾಡವ' ಆಗುತ್ತದೆ, 'ಕನ್ನಡ' ಹೋಗಿ 'ಕನ್ನಾಡಾ' ಆಗುತ್ತದೆ. ಕನ್ನಡದಲ್ಲಿ ದೀರ್ಘ ಎಂಬುದು ಅಲಂಕಾರವಲ್ಲ, ಅರ್ಥ. ಇದನ್ನು ಕಾಪಾಡಿಕೊಂಡು ವೇಗವಾಗಿ ಹಾಡುವುದು ಕಷ್ಟ ಎನ್ನುವವರಿಗೆ ಮಂಡ್ಯದ ಆಡುಮಾತು ಉತ್ತರ ಕೊಡುತ್ತದೆ. 'ಮಾಡಿಬಿಟ್ಟಿದ್ದಾನೆ' ಎಂಬಲ್ಲಿ ಆರು ಅಕ್ಷರ, ಹತ್ತು ಮಾತ್ರೆ. 'ಮಾಡ್ಬುಟ್ಟವ್ನೆ' ಎಂದರೆ ನಾಲ್ಕು ಅಕ್ಷರ, ಏಳು ಮಾತ್ರೆ. ಸ್ವರಗಳು ಉದುರಿ ವ್ಯಂಜನಗಳು ಒಂದರ ಮೇಲೊಂದು ಕೂತು, ಡ್ರಮ್ಮಿನ ಹೊಡೆತದಂತೆ ಕೇಳಿಸುತ್ತವೆ. ರ‍್ಯಾಪಿಗೆ ಬೇಕಾದ ಅಡಕ ನಮ್ಮ ಸಂತೆಯಲ್ಲೇ ಇದೆ. ಆದರೆ ಮಾರುಕಟ್ಟೆ ಈ ಭಾಷೆಯನ್ನು ಬೇರೆ ಕೆಲಸಕ್ಕೆ ಬಳಸಿಕೊಂಡಿತು. ಸಿನಿಮಾದಲ್ಲಿ ಮಂಡ್ಯದ ಮಾತು ಎಂದರೆ ಒಂದೋ ನಗಿಸಬೇಕು, ಇಲ್ಲವೇ ಮಚ್ಚು ಹಿಡಿಯಬೇಕು. ಹಾಡಿನಲ್ಲೂ ಅದೇ ವೇಷ. 'ಏನ್ಲಾ' ಎಂದರೆ ಸಾಕು, ಮಾಸ್ ಆಯಿತು ಎಂಬ ಲೆಕ್ಕಾಚಾರದಲ್ಲಿ ಆ ಮಾತಿನೊಳಗಿನ ಕುಹಕ, ಕಕ್ಕುಲಾತಿ, ನೆಂಟಸ್ತಿಕೆ ಎಲ್ಲವೂ ಹೊರಗುಳಿದವು.

ಭಾರತದಲ್ಲಿ ರ‍್ಯಾಪ್ ಕ್ಯಾಸೆಟ್ ಮತ್ತು ಸಿನಿಮಾಗಳ ಬೆನ್ನೇರಿ ಬಂದದ್ದು. ಬಾಬಾ ಸೆಹಗಲ್ 1992ರಲ್ಲಿ ಹಿಂದಿಗೆ, 1994ರ 'ಕಾದಲನ್' ಚಿತ್ರದಲ್ಲಿ ರೆಹಮಾನ್ ತಮಿಳಿಗೆ ಅದನ್ನು ತಂದರು. 2019ರ 'ಗಲ್ಲಿ ಬಾಯ್' ಆದ ಮೇಲೆ ಜಾಹೀರಾತುಗಳಿಗೂ ಅದು ಬೇಕಾಯಿತು. ಕನ್ನಡದಲ್ಲಿ ಬೆಂಗಳೂರಿನ ಆಲ್ ಓಕೆ, ಎಂ.ಸಿ. ಬಿಜ್ಜು, ಸಿರಿ ಮೊದಲಾದವರು ಸಿನಿಮಾದ ಹೊರಗೂ ಜಾಗ ಕಂಡುಕೊಂಡಿದ್ದರೂ, ನಮ್ಮ ಕಡೆಯ ಮನೆಮನೆಗೆ ಆ ಶೈಲಿಯನ್ನು ಮುಟ್ಟಿಸಿದ್ದು ಚಂದನ್ ಶೆಟ್ಟಿ. ಪಾರ್ಟಿ, ಪೆಗ್ಗು, ಹುಡುಗಿ ಎಂಬ ಮೂರು ಕಾಲಿನ ಮಣೆಯ ಮೇಲೆ ಕೂತ ಆ ಹಾಡುಗಳನ್ನು ಲೇವಡಿ ಮಾಡುವುದು ಸುಲಭ, ಆದರೆ ಪಲ್ಲವಿ ಕಟ್ಟುವ ಕಸುಬು ಅವರಿಗೆ ಸಿದ್ಧಿಸಿದೆ ಎಂಬುದನ್ನು ಒಪ್ಪಲೇಬೇಕು. ಒಮ್ಮೆ ಕೇಳಿದ್ದು ಎರಡು ದಿನ ನಾಲಿಗೆಯಿಂದ ಇಳಿಯುವುದಿಲ್ಲ.

ಅವರ 2020ರ 'ಕೋಲುಮಂಡೆ' ಹಾಡಿನ ಪ್ರಕರಣ ಮಾತ್ರ ಇಲ್ಲಿ ಸ್ವಲ್ಪ ನಿಂತು ನೋಡಬೇಕಾದದ್ದು. ಮಲೆ ಮಹದೇಶ್ವರನ ಜಾನಪದ ಪದವನ್ನು ಅವರು ರ‍್ಯಾಪ್ ಶೈಲಿಗೆ ಅಳವಡಿಸಿ ಆ ವರ್ಷದ ಗಣೇಶ ಹಬ್ಬದ ಹೊತ್ತಿಗೆ ಬಿಟ್ಟರು. ವಿಡಿಯೊದಲ್ಲಿ ಶರಣೆ ಸಂಕಮ್ಮನನ್ನು ಚಿತ್ರಿಸಿದ ರೀತಿಗೆ ಚಾಮರಾಜನಗರ, ಮೈಸೂರು ಸೀಮೆಯ ಭಕ್ತರು ಸಿಟ್ಟಾದರು, ಚಂದನ್ ಶೆಟ್ಟಿ ಕ್ಷಮೆ ಕೇಳಿದರು, ವಿಡಿಯೊವನ್ನು ಯೂಟ್ಯೂಬಿನಿಂದ ತೆಗೆಯಲಾಯಿತು. ಗದ್ದಲವೆಲ್ಲ ಭಕ್ತಿಗೆ ಧಕ್ಕೆಯಾಯಿತೆಂಬ ಸುತ್ತ ನಡೆಯಿತು. ನನ್ನ ತಕರಾರು ಬೇರೆ. ಮಹದೇಶ್ವರ ಕಾವ್ಯದ ಸಂಕಮ್ಮನ ಸಾಲು ಎಂಬ ಭಾಗವು ಅನುಮಾನದ ಗಂಡನೊಬ್ಬ ಹೆಂಡತಿಯಿಂದ ಶೀಲದ ಭಾಷೆ ಕೇಳುವ, ಅವಳು ಕೊಡಲೊಲ್ಲೆ ಎನ್ನುವ, ಅದಕ್ಕಾಗಿ ಹಿಂಸೆ ಪಡುವ ಕಥೆ. ಮಹದೇಶ್ವರ ಜಂಗಮನಾಗಿ ಬಂದು ನಿಲ್ಲುವುದು ಅಂಥ ಹೆಣ್ಣಿನ ಬಾಗಿಲಿಗೆ. ರ‍್ಯಾಪ್ ಎಂಬ ಪ್ರಕಾರಕ್ಕೆ, ಎಂದರೆ ಎದುರು ಮಾತಾಡುವ ಪ್ರಕಾರಕ್ಕೆ, ಇದಕ್ಕಿಂತ ಒಳ್ಳೆಯ ವಸ್ತು ಎಲ್ಲಿ ಸಿಕ್ಕೀತು? ಕಥೆಯನ್ನು ಬಿಟ್ಟು ಪಲ್ಲವಿಯನ್ನಷ್ಟೇ ಎತ್ತಿಕೊಂಡಾಗ ಸಂಕಮ್ಮ ಕುಣಿಯುವ ಗೊಂಬೆಯಾದಳು. ಇದೇ ಪದವನ್ನು 1996ರ 'ಜನುಮದ ಜೋಡಿ' ಚಿತ್ರವೂ ಬಳಸಿಕೊಂಡಿತ್ತು, ಅದೂ ವ್ಯಾಪಾರದ ಸಿನಿಮಾವೇ ಆಗಿತ್ತು, ಯಾರಿಗೂ ನೋವಾಗಲಿಲ್ಲ.

ಇನ್ನು ಇಂದಿನ ಗಿರಾಕಿಯ ವಿಷಯ. ಅವನಿಗೆ ಮುಖವಿಲ್ಲ, ಗ್ರಾಫ್ ಇದೆ. ತನ್ನ ಹಾಡನ್ನು ಯಾವ ಸೆಕೆಂಡಿನ ತನಕ ಎಷ್ಟು ಜನ ಕೇಳಿದರೆಂಬ ಆ ಗ್ರಾಫನ್ನು ಅಕ್ಕನ ಮಗ ಒಂದು ಭಾನುವಾರ ಮೊಬೈಲಿನಲ್ಲಿ ತೋರಿಸಿದ. ಎಡಗಡೆ ಎತ್ತರದಲ್ಲಿ ಶುರುವಾದ ನೀಲಿ ಗೆರೆ ಹನ್ನೆರಡನೆಯ ಸೆಕೆಂಡಿನಲ್ಲಿ ನಾಲೆಯ ಏರಿಯಿಂದ ಕಾಲು ಜಾರಿದಂತೆ ಕೆಳಗೆ ಬಿದ್ದಿತ್ತು. ಅಲ್ಲಿಯ ತನಕ ಹಾಡಿನಲ್ಲಿ ಇದ್ದದ್ದು ತಮಟೆಯ ಒಂದು ಪೀಠಿಕೆ, ಅಷ್ಟೇ. ಅವನು ಆ ಪೀಠಿಕೆಯನ್ನು ಕತ್ತರಿಸಿ ಪಲ್ಲವಿಯನ್ನು ಮೊದಲ ಸೆಕೆಂಡಿಗೆ ತಂದ. ಯಾವ ಕಂಪನಿಯೂ ಹೇಳಲಿಲ್ಲ, ಯಾರೂ ಒಂದು ರೂಪಾಯಿ ಕೊಡಲಿಲ್ಲ. ಹಿಂದೆ ನಿರ್ಮಾಪಕ ಮಾಡುತ್ತಿದ್ದ ಕೆಲಸವನ್ನು ಈಗ ಹಾಡುಗಾರ ತಾನೇ ತನಗೆ ಮಾಡಿಕೊಳ್ಳುತ್ತಾನೆ.

ಗೆರೆಯ ಹಿಂದೆ ಲೆಕ್ಕವಿದೆ. ಸ್ಪಾಟಿಫೈ ಎಂಬ ಹಾಡಿನ ಆಪ್‌ನಲ್ಲಿ ಹಾಡನ್ನು 30 ಸೆಕೆಂಡು ಕೇಳಿದರೆ ಮಾತ್ರ ಒಂದು ಸಲ ಕೇಳಿದಂತೆ ಎಣಿಕೆಯಾಗುತ್ತದೆ, ಆಮೇಲೆ ಐದು ನಿಮಿಷ ಕೇಳಿದರೂ ಅಷ್ಟೇ ಹಣ. ಹಾಗಾಗಿ ಎರಡು ನಿಮಿಷದ ಎರಡು ಹಾಡು, ನಾಲ್ಕು ನಿಮಿಷದ ಒಂದು ಹಾಡಿಗಿಂತ ಲಾಭದಾಯಕ. ಮೂರನೆಯ ಚರಣ ಕಣ್ಮರೆಯಾದದ್ದು, ಕಥೆ ಹೇಳುವ ರ‍್ಯಾಪ್ ಅಪರೂಪವಾದದ್ದು ಬಹುಪಾಲು ಈ ಗಣಿತದಿಂದ. 2024ರಿಂದ ಅಲ್ಲಿ ಇನ್ನೊಂದು ನಿಯಮ ಸೇರಿದೆ: ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಸಂಭಾವನೆಯೇ ಇಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು, ಜೊತೆಗೆ ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಅಥವಾ ಅದಕ್ಕೆ ಸಮನಾದ ಶಾರ್ಟ್ಸ್ ವೀಕ್ಷಣೆ ಬೇಕು. ಬೀಟುಗಳ, ಎಂದರೆ ಮಾತಿನ ಹಿಂದೆ ನುಡಿಯುವ ಸಿದ್ಧ ಸಂಗೀತದ, ಕಥೆಯೂ ಹೀಗೆಯೇ. ಜಾಲತಾಣದಲ್ಲಿ ಕಡಿಮೆ ದುಡ್ಡಿಗೆ ಬಾಡಿಗೆಗೆ ಸಿಗುವ ಬೀಟನ್ನು ಇನ್ನೂರು ಜನ ಏಕಕಾಲಕ್ಕೆ ಬಾಡಿಗೆಗೆ ಪಡೆದಿರಬಹುದು. ಮೈಸೂರಿನ ಹುಡುಗನ ಹಾಡೂ ಮನಿಲಾದ ಹುಡುಗನ ಹಾಡೂ ಒಂದೇ ಥರ ಕೇಳಿಸಿದರೆ ಅಚ್ಚರಿಯಿಲ್ಲ.

ಎಣಿಕೆಯೇ ದೊಡ್ಡದಾದ ಮೇಲೆ ಎಣಿಕೆಯನ್ನೇ ಕೊಳ್ಳುವ ದಾರಿಯೂ ತೆರೆಯುತ್ತದೆ. 2019ರ ಜುಲೈಯಲ್ಲಿ ಬಾದ್‌ಷಾ ಅವರ ಒಂದು ಹಾಡು 24 ಗಂಟೆಗಳಲ್ಲಿ 7.5 ಕೋಟಿ ವೀಕ್ಷಣೆ ಪಡೆದು ವಿಶ್ವದಾಖಲೆ ಮಾಡಿತೆಂದು ಘೋಷಿಸಲಾಯಿತು. ಯೂಟ್ಯೂಬ್ ಆ ದಾಖಲೆಯನ್ನು ಸಾರಲಿಲ್ಲ. ಆಗ ಚಾಲ್ತಿಯಲ್ಲಿದ್ದ ಪದ್ಧತಿಯಂತೆ ಹಾಡನ್ನೇ ಜಾಹೀರಾತಾಗಿ ಹಣ ಕೊಟ್ಟು ಓಡಿಸಿದಾಗಲೂ ಅದು ವೀಕ್ಷಣೆಯ ಲೆಕ್ಕಕ್ಕೆ ಸೇರುತ್ತಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ತನ್ನ ನಿಯಮ ಬದಲಿಸಿ, ಸಂಗೀತ ಪಟ್ಟಿಗಳಿಗೂ 24 ಗಂಟೆಗಳ ದಾಖಲೆಗಳಿಗೂ ಜಾಹೀರಾತಿನ ವೀಕ್ಷಣೆಗಳನ್ನು ಸೇರಿಸುವುದಿಲ್ಲ ಎಂದಿತು. ಹಾಡು ಹಿಟ್ಟಾದ್ದರಿಂದ ಪ್ರಚಾರವೋ ಪ್ರಚಾರದಿಂದ ಹಿಟ್ಟೋ ಎಂಬುದು ಹಾಡಿನ ಕೆಳಗಿನ ಅಂಕಿ ನೋಡಿ ತಿಳಿಯುವ ಸಂಗತಿಯಲ್ಲ. ನಮ್ಮ ಊರಿನ ಉತ್ಸವ ಸಮಿತಿಗಳು ಮಾತ್ರ ಇಂದಿಗೂ ಆ ಅಂಕಿಯನ್ನೇ ನೋಡಿ ಕಲಾವಿದರನ್ನು ಕರೆಯುತ್ತವೆ.

ಬರೆಯುವವನಿಗೆ ಸ್ವಲ್ಪ ಬಲ ಕೊಟ್ಟದ್ದು 2012ರ ಕೃತಿಸ್ವಾಮ್ಯ ತಿದ್ದುಪಡಿ. ಸಿನಿಮಾದ ಹಾಡಿನ ಸಾಹಿತಿ ಮತ್ತು ಸಂಯೋಜಕರು, ಚಿತ್ರಮಂದಿರದ ಪ್ರದರ್ಶನವೊಂದನ್ನು ಬಿಟ್ಟು ಉಳಿದ ಬಳಕೆಗಳಿಂದ ತಮಗೆ ಬರಬೇಕಾದ ರಾಯಧನದ ಸಮಪಾಲನ್ನು ಬರೆದುಕೊಟ್ಟರೂ ಅದು ಸಲ್ಲುವುದಿಲ್ಲ. ವಾರಸುದಾರರಿಗೆ ಅಥವಾ ನೋಂದಾಯಿತ ಕೃತಿಸ್ವಾಮ್ಯ ಸಂಘಕ್ಕೆ ಮಾತ್ರ ಕೊಡಬಹುದು. 1969ರಲ್ಲಿ ಆರಂಭವಾದ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಆ ಹಣವನ್ನು ವಸೂಲು ಮಾಡಿ ಹಂಚುವ ಸಂಸ್ಥೆ. ಆದರೆ ನಮ್ಮ ಭಾಗದ ಬಹಳಷ್ಟು ಹುಡುಗರು ಅದರ ಸದಸ್ಯರಾಗಿಲ್ಲ. ಆಡಿಯೊ ಕಂಪನಿಯ ಕಾಗದಕ್ಕೆ ಸಹಿ ಹಾಕುವಾಗ ಓದುವುದು ಮೊದಲ ಸಾಲಿನ ಮೊತ್ತವನ್ನು ಮಾತ್ರ. ಈ ಅರಿವು ಗುಣಮಟ್ಟಕ್ಕೂ ಸಂಬಂಧಪಟ್ಟದ್ದು. ಹಳೆಯ ಹಾಡಿನಿಂದ ವರ್ಷ ವರ್ಷ ಸ್ವಲ್ಪ ಬರುತ್ತಿದ್ದರೆ ಮುಂದಿನ ಹಾಡನ್ನು ಅವಸರದಲ್ಲಿ ಬರೆಯಬೇಕಾಗಿಲ್ಲ.

ಕಬ್ಬಿನ ಬಾಕಿಯ ಹಾಡು ಈಗ ಎರಡು ರೂಪದಲ್ಲಿದೆ. 40 ಸೆಕೆಂಡಿನ ರೀಲ್ಸ್ ತುಣುಕಿನಲ್ಲಿ ಪಲ್ಲವಿ ಮಾತ್ರ ಇದೆ. ತಮಟೆಯ ಪೀಠಿಕೆಯನ್ನು ಮತ್ತೆ ಸೇರಿಸಿದ ಪೂರ್ತಿ ಹಾಡು ಇನ್ನೂ ಸಾವಿರವನ್ನು ಮುಟ್ಟಿಲ್ಲ. ಅವನ ಊರಿನ ಗಣೇಶೋತ್ಸವದವರು ಆರ್ಕೆಸ್ಟ್ರಾ ಶುರುವಾಗುವ ಮುಂಚೆ ಐದು ನಿಮಿಷ ಕೊಟ್ಟರು, ಐನೂರು ರೂಪಾಯಿ ಸಂಭಾವನೆಯೂ ಇತ್ತು. ಒಂದೇ ಷರತ್ತು: ಎಲ್ಲಾದರೂ ಒಂದು ಕಡೆ ಬಾಸ್ ಹೆಸರು ಬರಬೇಕು, ಇಲ್ಲದಿದ್ದರೆ ಹುಡುಗರು ವಿಸಿಲ್ ಹೊಡೆಯುವುದಿಲ್ಲ. ಅವನು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದ. ಹಬ್ಬದ ರಾತ್ರಿ ಪೀಠಿಕೆಯಿಂದ ಹಿಡಿದು ಮೂರು ಚರಣವನ್ನೂ ಒಂದು ಪದ ಬಿಡದೆ ಹಾಡಿ, ಬೀಟು ನಿಂತ ಮೇಲೆ ಮೈಕು ಹತ್ತಿರ ಹಿಡಿದು ಬಾಸ್ ಹೆಸರು ಕೂಗಿ ಕೆಳಗಿಳಿದ. ವಿಸಿಲ್ ಬಂತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅವನ ಅಪ್ಪ ಸಪ್ಪೆ ಸಾರಿನ ಸಾಲು ಬಂದಾಗಲೇ ಎದ್ದು ಪೆಂಡಾಲಿನ ಹಿಂದಕ್ಕೆ ಹೋಗಿದ್ದರು.